ಗಡಿ ದಾಟಿದ ಕಥೆ

ಬಹುಕಾಲ ಮಕ್ಕಳ ಬರೆವಣಿಗೆಯನ್ನು ಕೆಂಪು ಶಾಯಿಯಿಂದ ತಿದ್ದಿದ ಉಪಾಧ್ಯಾಯನಿಗೆ ನಿವೃತ್ತನಾದ ಮೇಲೂ ಕೈ ಸುಮ್ಮನಿರುವುದಿಲ್ಲ. ನನ್ನ ಈ ಚಾಪಲ್ಯದಿಂದ ಒಂದು ಒಳ್ಳೆಯ ಕಥೆಯು ಕೆಡುವುದರಲ್ಲಿದ್ದಿತು. ಅದು ಹೇಗೆ ಉಳಿಯಿತೆಂಬುದನ್ನು ಈ ತಿಂಗಳು ವಾಚಕ ಮಹಾಶಯರಲ್ಲಿ ನಿವೇದಿಸಿಕೊಳ್ಳುವೆನು.

ನನ್ನ ತಮ್ಮನ ಮಗಳು ಹಿರಿಯೂರಿನಲ್ಲಿ ಸಂಸಾರ ಹೂಡಿರುವವಳು. ರಾತ್ರಿ ಮನೆಗೆಲಸವೆಲ್ಲ ತೀರಿದ ಮೇಲೆ ಮೊಬೈಲಿನಲ್ಲಿಯೇ ಕಥೆಗಳನ್ನು ಬರೆದು, 2014 ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ‘ಪ್ರತಿಲಿಪಿ’ಯಲ್ಲಿ ಪ್ರಕಟಿಸುವುದುಂಟು. ಅಲ್ಲಿ ಕನ್ನಡ, ತೆಲುಗು, ತಮಿಳು, ಮರಾಠಿ ಮೊದಲಾದ ಭಾಷೆಗಳ ಕಥೆಗಳು ಒಂದೇ ಸೂರಿನಡಿಯಲ್ಲಿ ಇರುತ್ತವೆ. ಹಿಂದಿನವರಂತೆ ಸಂಪಾದಕರ ಉತ್ತರಕ್ಕಾಗಿ ಅಂಚೆಯವನ ದಾರಿಯನ್ನು ಕಾಯಬೇಕಾದುದಿಲ್ಲ. ಒಂದು ದಿನ ಅವಳು ಹೊಸ ಕಥೆಯೊಂದನ್ನು ತಂದು, “ದೊಡ್ಡಪ್ಪ, ಇದನ್ನು ಹೊರಗಿನ ಸೀಮೆಯವರೂ ಓದುವಂತಾಗಬೇಕು, ಸ್ವಲ್ಪ ತಿದ್ದಿಕೊಡಿ” ಎಂದಳು.

ಕಥೆ ಸಣ್ಣದು. ಹೊಲದಲ್ಲಿ ಶೇಂಗಾ ಒಣಗುತ್ತಿರಲು, ಒಬ್ಬ ವಿಧವೆಯು ತನ್ನ ಕಿವಿಯ ಓಲೆಗಳನ್ನು ಮಾರಿ ಬೋರು ಕೊರೆಸುತ್ತಾಳೆ. ರಾತ್ರಿಯೆಲ್ಲ ಯಂತ್ರವು ಗರ್ಜಿಸಿ ಕಡೆಗೆ ಬರಿಯ ಧೂಳೇಳುತ್ತದೆ. ಬೆಳಗಿನ ಜಾವದಲ್ಲಿ ಅವಳು ಅಳುತ್ತ ಕೂಡದೆ, ಲಾರಿಯವರಿಗೆ ಮುದ್ದೆ ಕಟ್ಟಿ ಬಡಿಸುತ್ತಾಳೆ. ಇಷ್ಟೇ.

ನಾನು ಉತ್ಸಾಹದಿಂದ ಲೇಖನಿಯನ್ನು ಹಿಡಿದೆನು. ‘ಬೋರು ಫೇಲಾಯ್ತು’ ಎಂದಿದ್ದುದು ‘ಜಲಾನ್ವೇಷಣವು ವಿಫಲವಾಯಿತು’ ಎಂದಾಯಿತು. ‘ಮುದ್ದೆ ಕಟ್ಟಿದಳು’ ಎಂದಿದ್ದುದು ‘ಆಹಾರವನ್ನು ಸಿದ್ಧಪಡಿಸಿದಳು’ ಎಂದಾಯಿತು. ಹೊರಗಿನವರಿಗೆ ನಮ್ಮ ಮುದ್ದೆಯ ಮರ್ಮವೇನು ತಿಳಿದೀತೆಂಬುದು ನನ್ನ ತರ್ಕ. ಹುಡುಗಿಯ ಮುಖವು ಬಾಡಿತಾದರೂ ಹಿರಿಯನೆಂಬ ಗೌರವದಿಂದ ಅವಳು ಏನನ್ನೂ ಹೇಳಲಿಲ್ಲ.

ಇಲ್ಲಿ ನನ್ನ ಸೊಸೆಯ ವಿಚಾರವನ್ನು ಹೇಳಬೇಕಾಗಿದೆ. ಅವಳು ಆಂಧ್ರಪ್ರದೇಶದ ಮಡಕಶಿರದ ಕಡೆಯವಳು. ಆ ಸೀಮೆಯ ಎಷ್ಟೋ ಹಳ್ಳಿಗಳಲ್ಲಿ ಮನೆಮಾತು ಕನ್ನಡ. ಆದರೆ ಸರಕಾರದ ವ್ಯವಹಾರವೆಲ್ಲವೂ ತೆಲುಗು. ಇವಳು ಓದಿದುದೂ ತೆಲುಗಿನಲ್ಲಿಯೇ. ಆಡುವ ಕನ್ನಡವು ಸೊಗಸಾದುದು. ಓದುವಾಗ ಮಾತ್ರ ಅಕ್ಷರಕ್ಕೊಮ್ಮೆ ನಿಲ್ಲುವಳು. ಅದನ್ನೇ ಹಿಡಿದು ನಾನು ಬಂಧುಗಳೆದುರಿಗೆ, “ನಮ್ಮ ಸೊಸೆಗೆ ಕನ್ನಡ ಬಾರದು” ಎಂದು ಹಲವು ಸಲ ಅಂದದ್ದುಂಟು. ಅವಳು ಕೇಳಿಯೂ ಕೇಳದಂತೆ ಇರುತ್ತಿದ್ದಳು.

ಮುಂದಿನ ಭಾನುವಾರ ಸಂಜೆ ತಮ್ಮನ ಮಗಳು ನಮ್ಮ ಜಗುಲಿಯಲ್ಲಿ ಕುಳಿತು ಎರಡು ಪಾಠಗಳನ್ನೂ ಗಟ್ಟಿಯಾಗಿ ಓದಿದಳು. ನಾನು ತಿದ್ದಿದುದನ್ನು ಓದುವಾಗ ಸೊಸೆಯು ತನ್ನ ಪಾಡಿಗೆ ಅಕ್ಕಿ ಆರಿಸುತ್ತಲೇ ಇದ್ದಳು. ಮೊದಲಿನದನ್ನು ಓದತೊಡಗಿದಾಗ ಅವಳ ಕೈ ನಿಂತುಹೋಯಿತು. ಮುಗಿದ ಮೇಲೆ ಕಣ್ಣೊರಸಿಕೊಂಡು, “ಮಾವ, ನಮ್ಮಪ್ಪ ಎರಡು ಬೋರು ಹಾಕಿಸಿದರು, ಎರಡೂ ಫೇಲಾದವು. ಅವತ್ತು ಅಮ್ಮನೂ ಹೀಗೇ ಲಾರಿಯವರಿಗೆ ಮುದ್ದೆ ಮಾಡಿ ಹಾಕಿದಳು. ಬಂದವರು ಹಸಿದುಕೊಂಡು ಹೋಗಬಾರದು ಅಂದಳು” ಎಂದಳು. ಆಕೆ ನಮ್ಮ ಮನೆಗೆ ಬಂದು ಆರು ವರ್ಷಗಳಾಗಿದ್ದವು. ತೌರಿನ ಈ ಸಂಗತಿಯು ನಮಗೆ ತಿಳಿದದ್ದು ಅಂದೇ.

ನಾನು ತಿದ್ದಿದ ಹಾಳೆಯನ್ನು ಮಡಿಚಿ ಒಳಗಿಟ್ಟೆನು. ಊರಿನ ಮಾತನ್ನು ಅಳಿಸಿದರೆ ಕಥೆಯು ಪರಸೀಮೆಗೆ ಸುಲಭವಾಗಿ ಹೋಗುವುದೆಂದು ನಾನು ಭಾವಿಸಿದ್ದುದು ತಪ್ಪು. ಸಂಕಟವು ಎಲ್ಲರದೂ ಒಂದೇ ಎಂಬುದು ತಿಳಿಯಬೇಕಾದರೆ, ಮೊದಲು ಅದು ಒಬ್ಬಳದಾಗಿ, ಒಂದು ಊರಿನದಾಗಿ ಕಾಣಬೇಕು.

ಸೊಸೆಯು ಆ ಕಥೆಯನ್ನು ತೆಲುಗಿಗೆ ತಿರುಗಿಸಿದಳು. ‘ಮುದ್ದೆ’ಯು ಅಲ್ಲಿ ‘ಸಂಗಟಿ’ಯಾಯಿತು, ‘ಬೋರು’ ಬೋರಾಗಿಯೇ ಉಳಿಯಿತು. ಪ್ರಕಟಿಸುವ ಮೊದಲು ಕಥೆಗಾರ್ತಿಯ ಒಪ್ಪಿಗೆಯನ್ನು ಕೇಳಿ, ಇಬ್ಬರ ಹೆಸರನ್ನೂ ಹಾಕಿದಳು. ಇದನ್ನು ನಾನು ಒತ್ತಿ ಹೇಳುವುದಕ್ಕೆ ಕಾರಣವುಂಟು. ಮೊಬೈಲಿನಲ್ಲಿ ಒಬ್ಬರ ಬರೆಹವನ್ನು ಎತ್ತಿ ಇನ್ನೊಬ್ಬರ ಹೆಸರಿನಲ್ಲಿ ಹರಿಯಬಿಡುವುದು ಕ್ಷಣಮಾತ್ರದ ಕೆಲಸ. ಹಾಗೆ ಮಾಡುವುದು ಚೌರ್ಯವೆಂಬುದನ್ನು ಮನೆಯ ಮಕ್ಕಳಿಗೆ ತಿಳಿಹೇಳತಕ್ಕದ್ದು.

ಕಥೆಗಳ ಈ ಸಂಚಾರವು ಹೊಸದಲ್ಲ. ಪಂಚತಂತ್ರವು ಆರನೆಯ ಶತಮಾನದಲ್ಲಿ ಪಹ್ಲವಿಗೂ, ಎಂಟನೆಯ ಶತಮಾನದಲ್ಲಿ ಅರಬ್ಬಿಗೂ ಹೋಯಿತು. ಹನ್ನೊಂದನೆಯ ಶತಮಾನದಲ್ಲಿ ದುರ್ಗಸಿಂಹನು ವಸುಭಾಗಭಟ್ಟನನ್ನು ಅನುಸರಿಸಿ ಅದನ್ನು ಕನ್ನಡಿಸಿದನು. ಬಿ. ವೆಂಕಟಾಚಾರ್ಯರು (1845–1914) ಬಂಗಾಳಿಯನ್ನು ಕಲಿತು ಬಂಕಿಮಚಂದ್ರರ ಕಾದಂಬರಿಗಳನ್ನು ನಮಗೆ ಕೊಟ್ಟರು. ಗಳಗನಾಥರು (1869–1942) ಮರಾಠಿಯಿಂದ ಹರಿ ನಾರಾಯಣ ಆಪ್ಟೆಯವರ ಕಾದಂಬರಿಗಳನ್ನು ತಂದು, ಪುಸ್ತಕದ ಹೊರೆಯನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ನಮ್ಮ ದುರ್ಗದ ಸೀಮೆಯ ತ.ರಾ.ಸು. ಅವರ ‘ಹಂಸಗೀತೆ’ಯು 1956 ರಲ್ಲಿ ‘ಬಸಂತ್ ಬಹಾರ್’ ಎಂಬ ಹಿಂದಿ ಚಲಚ್ಚಿತ್ರಕ್ಕೆ ಆಧಾರವಾಯಿತು. ಅಂದು ಪಂಡಿತರೂ ಉದ್ಯಮಶೀಲರೂ ವರ್ಷಗಟ್ಟಲೆ ಶ್ರಮಿಸಿ ಮಾಡುತ್ತಿದ್ದುದನ್ನು ಇಂದು ಇಬ್ಬರು ಗೃಹಿಣಿಯರು ಅಡಿಗೆಮನೆಯ ಬಾಗಿಲಲ್ಲಿ ಕುಳಿತು ಮಾಡಿದರು. ವಿಶೇಷವಿರುವುದು ಇಷ್ಟೇ.

ತೆಲುಗಿನ ಓದುಗರೊಬ್ಬರಿಂದ ಪ್ರಶ್ನೆ ಬಂದಿತು: “ಆಮೇಲೆ ಆ ತಾಯಿ ಓಲೆಗಳನ್ನು ಬಿಡಿಸಿಕೊಂಡಳೆ?” ಮಾರಿದ ಓಲೆಯನ್ನು ಅವರು ಅಡವಿಟ್ಟದ್ದೆಂದು ತಿಳಿದಿದ್ದರು. ಅವರ ಮನೆಯಲ್ಲಿ ಏನು ಅಡವಿನಲ್ಲಿದೆಯೋ! ತಮ್ಮನ ಮಗಳು ಇನ್ನೂ ಉತ್ತರವನ್ನು ಬರೆದಿಲ್ಲ. “ಏನೆಂದು ಬರೆಯಲಿ, ದೊಡ್ಡಪ್ಪ?” ಎಂದು ಕೇಳಿದಳು. ನನಗೂ ಹೊಳೆಯಲಿಲ್ಲ.

ನಮ್ಮ ಆದಿವಾಲದ ಸುತ್ತಿನಂತೆ ಹಲವು ಭಾಷೆಗಳು ಕಿವಿಗೆ ಬೀಳುವ ಊರಿನಲ್ಲಿರುವವರಿಗೆ ನನ್ನದೊಂದು ವಿನಂತಿ. ವಾರಕ್ಕೊಂದು ಸಂಜೆ ಮನೆಯಲ್ಲಿ ಒಂದು ಕಥೆಯನ್ನು ಗಟ್ಟಿಯಾಗಿ ಓದಿರಿ. ಅಕ್ಷರವನ್ನು ಅರಿಯದವರೂ ಕಿವಿಯಿಂದ ಕಥೆಯನ್ನು ಅರಿಯಬಲ್ಲರು.

ನಾನು ಈಗ ಸೊಸೆಯಿಂದ ತೆಲುಗು ಲಿಪಿಯನ್ನು ಕಲಿಯುತ್ತಿರುವೆನು. ಎರಡು ಲಿಪಿಗಳೂ ಒಂದೇ ಮೂಲದವಾದುದರಿಂದ ಬಹುಪಾಲು ಅಕ್ಷರಗಳು ಪರಿಚಿತವೇ. ತಲೆಕಟ್ಟಿನಲ್ಲಿ ಮಾತ್ರ ಕೈ ತಪ್ಪುತ್ತದೆ. ನಿನ್ನೆ ನನ್ನ ಪುಟದಲ್ಲಿ ಅವಳು ಐದು ತಪ್ಪುಗಳನ್ನು ಗುರುತಿಸಿದಳು. ಕೆಂಪು ಶಾಯಿಯ ಲೇಖನಿಯನ್ನು ನಾನೇ ಕೊಟ್ಟಿದ್ದೆನು.