ಪಾಲಿಗೆ ಬಾರದ ಹರಿಗೋಲು

ಹನ್ನೆರಡು ವರ್ಷಗಳ ಹಿಂದೆ ನಮ್ಮ ಮನೆ ಪಾಲಾದಾಗ ಬರೆದ ಪಟ್ಟಿಯಲ್ಲಿ ಹಿತ್ತಾಳೆಯ ಕೊಳಗ, ಬೀಟೆಯ ಪೆಟ್ಟಿಗೆ, ಬಾವಿಯ ರಾಟೆ, ಕೊನೆಗೆ ಹಿತ್ತಲಿನ ಒರಳುಕಲ್ಲು ಕೂಡ ಇದ್ದಿತು. ನ್ಯಾಯ ಹೇಳಲು ಕುಳಿತ ಹಿರಿಯರು ಒಂದನ್ನೂ ಬಿಡದೆ ಎಣಿಸಿದ್ದರು. ಆದರೆ ದನದ ಕೊಟ್ಟಿಗೆಯ ತೊಲೆಗೆ ಮಗುಚಿ ನೇತುಹಾಕಿದ್ದ ತಂದೆಯವರ ಹರಿಗೋಲು ಮಾತ್ರ ಯಾರ ಕಣ್ಣಿಗೂ ಬೀಳಲಿಲ್ಲ; ಅಥವಾ ಬಿದ್ದರೂ ಯಾರಿಗೂ ಬೇಡವಾಗಿತ್ತು. ಹೀಗಾಗಿ ಅದು ಅಣ್ಣನವರ ಪಾಲಿಗೂ ಬರಲಿಲ್ಲ, ನನ್ನ ಪಾಲಿಗೂ ಬರಲಿಲ್ಲ.

ನಮ್ಮದು ನಂಜನಗೂಡಿಗೂ ತಿರುಮಕೂಡಲು ನರಸೀಪುರಕ್ಕೂ ನಡುವೆ, ಕಪಿಲೆಯ ದಡದಲ್ಲಿರುವ ಚಿಕ್ಕ ಹಳ್ಳಿ. ನಂಜನಗೂಡಿಗೇನೋ ದಳವಾಯಿ ದೇವರಾಜನ ಕಾಲದಲ್ಲಿ, 1735ರಷ್ಟು ಹಿಂದೆಯೇ, ಸೇತುವೆಯ ಭಾಗ್ಯ ಬಂದಿತು. ಮುಂದೆ ಅದೇ ಸೇತುವೆಯ ಮೇಲೆ ರೈಲೂ ಓಡಿತು. ಹೊಳೆಯ ಕೆಳಗಣ ಹಳ್ಳಿಗಳಿಗೆ ಆ ಭಾಗ್ಯವೆಲ್ಲಿಯದು? ನಮ್ಮ ಗದ್ದೆ ಆಚೆಯ ದಡದಲ್ಲಿದ್ದುದರಿಂದ ತಂದೆಯವರು ಬೆಳಗಾದರೆ ಹರಿಗೋಲು ಹತ್ತುತ್ತಿದ್ದರು. ಬಿತ್ತನೆಯ ಬೀಜ, ಕೊಯ್ಲಿನ ಹೊರೆ, ಒಮ್ಮೊಮ್ಮೆ ಎಳೆಗರು, ಎಲ್ಲವೂ ಅದರಲ್ಲಿಯೇ ದಾಟುತ್ತಿದ್ದವು. ಹತ್ತಿರದಲ್ಲೊಂದು ಸೇತುವೆ ಆದಮೇಲೆ ಹರಿಗೋಲು ತೊಲೆಗೇರಿತು.

ಪಾಲಾದ ಮೇಲೆ ಅಣ್ಣನವರಿಗೂ ನನಗೂ ಬಾವಿಯ ನೀರಿನ ವಿಷಯದಲ್ಲಿ ಮಾತಿಗೆ ಮಾತು ಬೆಳೆಯಿತು. ಆ ಮಾತುಗಳನ್ನು ಇಲ್ಲಿ ಬರೆಯಲಾರೆ. ಅಂಥವು ಎಲ್ಲ ಮನೆಗಳಲ್ಲಿಯೂ ಒಂದೇ ತೆರನಾಗಿರುತ್ತವೆಯೆಂಬುದನ್ನು ವಾಚಕರು ಬಲ್ಲರು. ಅಲ್ಲಿಂದೀಚೆಗೆ ನಾವು ಸೇರುತ್ತಿದ್ದುದು ವರ್ಷಕ್ಕೊಮ್ಮೆ, ತಂದೆಯವರ ಶ್ರಾದ್ಧದಂದು. ಒಂದೇ ಪಂಕ್ತಿಯಲ್ಲಿ ಕುಳಿತು ಉಂಡು, "ಅವನಿಗೆ ತುಪ್ಪ ಬಡಿಸಿ" ಎಂದು ಬಡಿಸುವವರ ಮೂಲಕ ಮಾತನಾಡಿ, ಸಂಜೆಯ ಬಸ್ಸಿಗೆ ನಾನು ಮೈಸೂರಿಗೆ ಹಿಂದಿರುಗುತ್ತಿದ್ದೆ.

ಕಳೆದ ದೀಪಾವಳಿಯ ವೇಳೆಗೆ ನನ್ನ ಪಾಲಿನ ಕೊಟ್ಟಿಗೆ ಬೀಳುವಂತಾಯಿತು. ಹೆಂಚು ಇಳಿಸಬೇಕಾದರೆ ಮೊದಲು ಹರಿಗೋಲು ಇಳಿಯಬೇಕು. ಏನು ಮಾಡಲೆಂದು ಅಣ್ಣನವರಿಗೆ ಕಾಗದ ಬರೆದೆ. ಉತ್ತರ ಅವರ ಮಗನ ಬಾಯಲ್ಲಿ ಬಂದಿತು: "ಏನಾದರೂ ಮಾಡಿಕೊಳ್ಳಲಿ ಅಂದರು, ಚಿಕ್ಕಪ್ಪ. ಆದರೆ ಸೌದೆ ಮಾಡಬೇಡಿ. ನಾನೂ ಬರುತ್ತೇನೆ, ರಿಪೇರಿ ಮಾಡೋಣ."

ಹುಡುಗ ಬೆಂಗಳೂರಿನಲ್ಲಿ ಕಂಪ್ಯೂಟರಿನ ಮುಂದೆ ದುಡಿಯುವವನು. ಇಂಗ್ಲೆಂಡಿನವರು ಹಳೆಯ ದೋಣಿಗಳನ್ನು ಕೊಂಡು ತಾವೇ ನೇರ್ಪಡಿಸಿಕೊಳ್ಳುವ ಸಾಹಸಗಳನ್ನು ರಾತ್ರಿಯೆಲ್ಲ ಓದಿ ಅವನ ತಲೆ ತುಂಬಿತ್ತು. ಅಲ್ಲಿಯ ಕಾಲುವೆಗಳಲ್ಲಿ ನ್ಯಾರೋಬೋಟ್ ಎಂಬ ಒಂದು ಬಗೆಯ ದೋಣಿಯುಂಟು. ಅಗಲ ಸುಮಾರು 7 ಅಡಿ, ಉದ್ದ 70 ಅಡಿಯವರೆಗೂ ಇರಬಹುದು. ಹದಿನೆಂಟನೆಯ ಶತಮಾನದಲ್ಲಿ ಕಲ್ಲಿದ್ದಲು ಮೊದಲಾದ ಸರಕು ಸಾಗಿಸಲು ಹುಟ್ಟಿದ ಈ ದೋಣಿಗಳನ್ನು ದಡದ ಮೇಲಿಂದ ಕುದುರೆಗಳು ಎಳೆಯುತ್ತಿದ್ದವು. ರೈಲೂ ಲಾರಿಯೂ ಬಂದಮೇಲೆ ಅವು ಮೂಲೆಗೆ ಬಿದ್ದವು. ರೋಲ್ಟ್ ಎಂಬ ಇಂಜಿನಿಯರನು 1939ರಲ್ಲಿ 'ಕ್ರೆಸ್ಸಿ' ಎಂಬ ಹಳೆಯ ದೋಣಿಯನ್ನು, ಸ್ನಾನದ ತೊಟ್ಟಿಯೂ ಸೇರಿದಂತೆ, ಸಂಸಾರಕ್ಕೆ ಅಣಿಗೊಳಿಸಿಕೊಂಡು ಹೆಂಡತಿಯೊಡನೆ ಕಾಲುವೆಗಳಲ್ಲಿ ಸಂಚಾರ ಹೊರಟನು. ಅದನ್ನು ಕುರಿತು ಆತ ಬರೆದ ಪುಸ್ತಕ 1944ರಲ್ಲಿ ಹೊರಬಂದಿತು. 1946ರಲ್ಲಿ ಕಾಲುವೆಗಳನ್ನು ಉಳಿಸಲು ಒಂದು ಸಂಘವೇ ಹುಟ್ಟಿತು. ಒಬ್ಬನ ಹಳೆಯ ದೋಣಿಯಿಂದ ಇಷ್ಟೆಲ್ಲ!

"ಅವರು ದೋಣಿಗೆ ಒಲೆ, ಮಂಚ, ಕಪಾಟು ಕೂಡಿಸುತ್ತಾರೆ ಚಿಕ್ಕಪ್ಪ. ನಮ್ಮದಕ್ಕೆ ತಳ ಕೂಡಿಸಿದರೆ ಸಾಕು" ಎಂದ. ಸಾಕು ಎಂದದ್ದೇ ತಪ್ಪಾಯಿತು.

ಹರಿಗೋಲನ್ನು ಬುಟ್ಟಿಯೆಂದು ನಗುವವರುಂಟು. ಬುಟ್ಟಿಯೇ ಹೌದು, ಆದರೆ ಸಾಮಾನ್ಯ ಬುಟ್ಟಿಯಲ್ಲ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಪಾಯೆಸ್, ತುಂಗಭದ್ರೆಯಲ್ಲಿ ಚರ್ಮ ಹೊದಿಸಿದ ಈ ದುಂಡು ದೋಣಿಗಳನ್ನು ಕಂಡು ಬೆರಗಾಗಿ, ಹದಿನೈದು ಇಪ್ಪತ್ತು ಮಂದಿ ಕೂರಬಹುದೆಂದೂ ಅವು ಸುತ್ತುತ್ತಲೇ ಸಾಗುತ್ತವೆಂದೂ ಬರೆದಿಟ್ಟಿದ್ದಾನೆ. 1803ರಲ್ಲಿ ಮರಾಠರ ಮೇಲೆ ದಂಡೆತ್ತಿಹೋದ ಆರ್ಥರ್ ವೆಲ್ಲೆಸ್ಲಿಯ ಸೈನ್ಯ ತುಂಬಿದ ಹೊಳೆಗಳನ್ನು ದಾಟಿದ್ದೂ ಇಂಥ ಬುಟ್ಟಿಗಳಲ್ಲಿಯೇ. ಮುಂಭಾಗ ಹಿಂಭಾಗವೆಂಬ ಭೇದವಿಲ್ಲದ, ಬಂಡೆ ತಾಗಿದರೆ ಒಡೆಯದೆ ಬಳುಕುವ, ಗೇಣುದ್ದ ನೀರಿನಲ್ಲಿಯೂ ತೇಲುವ, ದಡ ಸೇರಿದಮೇಲೆ ತಲೆಯ ಮೇಲೆ ಹೊತ್ತು ಮನೆಗೆ ಒಯ್ಯಬಹುದಾದ ದೋಣಿ ಬೇರೆ ಯಾವುದುಂಟು?

ಇಳಿಸಿ ನೋಡಿದರೆ ಚರ್ಮ ಸೆಡೆತು ಬಿರಿದಿತ್ತು. ಅಂಚನ್ನು ಇಲಿ ತಿಂದಿತ್ತು. ಬಿದಿರನ್ನು ಬೆರಳಿನಿಂದ ತಟ್ಟಿದರೆ ಹಳದಿ ಹಿಟ್ಟು ಉದುರಿತು. ಊರಿನಲ್ಲಿ ಈ ವಿದ್ಯೆ ಬಲ್ಲವರು ಒಬ್ಬರೇ ಉಳಿದಿದ್ದರು. ಹಿಂದೆ ತಿರುಮಕೂಡಲಿನ ಸಂಗಮದಲ್ಲಿ ಹರಿಗೋಲು ಹಾಕುತ್ತಿದ್ದ, ಎಂಬತ್ತು ದಾಟಿದ ಅಂಬಿಗ ತಾತ. ಕಣ್ಣು ಮಂಜಾಗಿತ್ತು. ಬಂದು ಕುಳಿತವರು ಕೈಯಾಡಿಸಿ ನೋಡಿ, "ಕಂಠ ಗಟ್ಟಿಯಾಗದೆ ಚಿಕ್ಕಯ್ನೋರೆ. ಮಿಕ್ಕಿದ್ದೆಲ್ಲ ಬುಟ್ಟಾಕಿ" ಎಂದರು. ಕಂಠವೆಂದರೆ ಬಾಯಿಯ ಸುತ್ತ ಬಿಗಿದ ದಪ್ಪ ಅಂಚು. ಅದೊಂದನ್ನು ಉಳಿಸಿಕೊಂಡು ಉಳಿದುದನ್ನು ಹೊಸದಾಗಿ ಹೆಣೆಯಬೇಕು.

ಮೈಸೂರಿನ ಬಂಬೂ ಬಜಾರಿನಿಂದ ಬಿದಿರು ತಂದೆ. ಆತುರಗಾರನಾದ ನಾನು ಅಂದೇ ಸೀಳಿಸಿ ಬಗ್ಗಿಸಲು ಹೊರಟು ಮೂರು ದಬ್ಬೆಗಳನ್ನು ಮುರಿದೆ. ತಾತ ನಗಲಿಲ್ಲ. "ಹೊಳೇಲಿ ನೆನೆಹಾಕಿ, ಹದಿನೈದು ದಿನ ಮರ್ತುಬುಡಿ" ಎಂದರು. ನೆನೆದ ದಬ್ಬೆ ಬಳುಕುವುದಷ್ಟೇ ಅಲ್ಲ. ಹುಳುವಿಗೆ ಪ್ರಿಯವಾದ ಪಿಷ್ಟವೂ ನೀರಿನಲ್ಲಿ ಬಹುಮಟ್ಟಿಗೆ ಕರಗಿ ಹೋಗುತ್ತದೆ. ಎಳೆಯ ಬಿದಿರನ್ನು ಹಿರಿಯರು ಮುಟ್ಟದೆ, ಮೂರು ವರ್ಷ ಕಳೆದ ಗಳುವನ್ನೇ ಕಡಿಯುತ್ತಿದ್ದುದಕ್ಕೂ ಬಲವಾದ ಕಾರಣವಿತ್ತು.

ಹದಿನೈದು ದಿನಗಳಾದ ಮೇಲೆ ಅಂಗಳದಲ್ಲಿ ಕೆಲಸ ಮೊದಲಾಯಿತು. ದಬ್ಬೆಗಳನ್ನು ನೆಲದ ಮೇಲೆ ಮೂರು ದಿಕ್ಕಿಗೆ ಹಾಸಿ, ಜೇನುಹುಟ್ಟಿನಂತೆ ಆರು ಮೂಲೆಯ ಕಣ್ಣುಗಳು ಬರುವ ಹಾಗೆ ಹೆಣೆಯಬೇಕು. ತಳ ಆರಡಿ ಅಗಲವಾದಾಗ ನಡುವೆ ಕಲ್ಲು ಹೇರಿ, ಹೊರಗೆ ಚಾಚಿದ ತುದಿಗಳನ್ನು ಮೇಲಕ್ಕೆ ಬಗ್ಗಿಸಿ, ಸುತ್ತಲೂ ಅಡ್ಡದಬ್ಬೆ ಸುತ್ತುತ್ತಾ ಏರಿಸಿ ಕಂಠಕ್ಕೆ ಬಿಗಿಯಬೇಕು. ಓದಿದರೆ ಸುಲಭ. ಹುಡುಗ ಒಂದು ತುದಿ ಬಗ್ಗಿಸಿದರೆ ಎದುರಿನದು ನೆಗೆಯುತ್ತಿತ್ತು. ಎದುರಿನದನ್ನು ನಾನು ಹಿಡಿದರೆ ತಳವೇ ಎದ್ದು ಕಲ್ಲುಗಳು ಉರುಳುತ್ತಿದ್ದವು.

ಅಣ್ಣನವರು ಎರಡು ದಿನಗಳಿಂದಲೂ ತಮ್ಮ ಜಗಲಿಯಲ್ಲಿ ಕುಳಿತು ಪತ್ರಿಕೆ ಓದುತ್ತಿದ್ದರು. ಪತ್ರಿಕೆಯ ಹಾಳೆ ಮಾತ್ರ ಮಗುಚುತ್ತಿರಲಿಲ್ಲ. ಮೂರನೆಯ ದಿನ ತಾತ ಆ ಕಡೆಗೆ ಮುಖವೆತ್ತಿ ಕೂಗಿದರು: "ದೊಡ್ಡಯ್ನೋರೆ, ಕಲ್ಲು ಸಾಲ್ದು. ಬಂದು ನಡೂಕೆ ಕುಂತ್ಕಳಿ. ನಿಮ್ಮಪ್ಪಾರೂ ಹಂಗೇ ಕೂರೋರು."

ತಂದೆಯವರ ಹೆಸರು ಬಂದಮೇಲೆ ಇಲ್ಲವೆನ್ನುವಂತಿರಲಿಲ್ಲ. ಅಣ್ಣನವರು ಎದ್ದು ಬಂದು, ಪತ್ರಿಕೆಯೊಂದಿಗೇ, ಹೆಣಿಗೆಯ ನಡುವೆ ಕುಳಿತರು. ನಾನೂ ಹುಡುಗನೂ ಸುತ್ತಲೂ ದಬ್ಬೆ ಹಿಡಿದು ಸುತ್ತಿದೆವು. ಒಂದು ಗಂಟೆಯ ಕಾಲ ಯಾರೂ ಮಾತನಾಡಲಿಲ್ಲ. ಬಳಿಕ, ಪತ್ರಿಕೆಯಿಂದ ಕಣ್ಣು ತೆಗೆಯದೆ ಅಣ್ಣನವರು ಅಂದರು: "ಆ ದಬ್ಬೆ ಅಡಿಯಿಂದ ಬರಬೇಕು."

ನೋಡಿದೆ. ನಿಜವಾಗಿಯೂ ಅಡಿಯಿಂದ ಬರಬೇಕಾಗಿತ್ತು. ಬಿಚ್ಚಿ ಮತ್ತೆ ಹಾಕಿದೆ. "ಹೀಗೆಯೇ ಅಣ್ಣ?" ಎಂದು ಕೇಳಿದೆ. "ಹ್ಞೂಂ" ಎಂದರು. ಹನ್ನೆರಡು ವರ್ಷಗಳಲ್ಲಿ ನೇರವಾಗಿ ನಡೆದ ನಮ್ಮ ಮೊದಲ ಸಂಭಾಷಣೆ ಇದಿಷ್ಟೇ.

ಮೈ ಹೊದಿಸುವುದು ಮುಂದಿನ ಕೆಲಸ. ಚರ್ಮದ ಹರಿಗೋಲು ಈಗ ಅಪರೂಪ. ಚರ್ಮವನ್ನು ಪ್ರತಿ ಸಂಜೆಯೂ ನೀರಿನಿಂದ ಎತ್ತಿ ಒಣಗಿಸದಿದ್ದರೆ ಕೊಳೆಯುತ್ತಿತ್ತು. ಇಂದಿನವರು ಗೊಬ್ಬರದ ಚೀಲಗಳನ್ನು ಬಿಚ್ಚಿ ದಬ್ಬಳದಲ್ಲಿ ಹೊಲಿದು ಹೊದಿಸಿ, ಮೇಲೆ ಡಾಂಬರು ಬಳಿಯುತ್ತಾರೆ. ನಾನು ಡಾಂಬರನ್ನು ಚೆನ್ನಾಗಿ ಕುದಿಸಿ ಹೊಯ್ದೆ. ಪ್ಲಾಸ್ಟಿಕ್ಕಿನ ಚೀಲ ಸುರುಟಿಕೊಂಡು ಅಂಗೈಯಗಲ ತೂತಾಯಿತು. ಊಟಕ್ಕೆ ಕರೆಯಲು ಬಂದಿದ್ದ ಅತ್ತಿಗೆಯವರು ಕಡ್ಡಿಯಿಂದ ಡಾಂಬರನ್ನು ಎತ್ತಿ ನೋಡಿ, "ಇದೇನು, ಪಾಕ ಹೊತ್ತಿಸಿಬಿಟ್ಟಿರಲ್ಲ! ಒಲೆಯಿಂದ ಇಳಿಸಿ, ಎಳೆ ಬರುವ ಹದಕ್ಕೆ ಆರಲಿ" ಎಂದರು. ಎರಡನೆಯ ಸಲ ಸರಿಯಾಯಿತು. ಅಂದಿನ ಊಟ ಅಣ್ಣನವರ ಮನೆಯಲ್ಲಿ.

ಒಣಗಿದಮೇಲೆ ತಾತ ಹರಿಗೋಲಿನ ಒಳಗೆ ನಾಲ್ಕು ಕೊಡ ನೀರು ಹೊಯ್ಯಿಸಿ, ಓರೆ ಮಾಡಿಸುತ್ತಾ, ಹೊರಮೈಯೆಲ್ಲ ಅಂಗೈಯಿಂದ ತಡವಿದರು. ಎರಡು ಕಡೆ ತೇವ ಸಿಕ್ಕಿತು. "ಇಲ್ಲಿ ಸೋರುದ್ರೆ ಅಂಗಳ ನೆನೀತದೆ, ಅಲ್ಲಿ ಸೋರುದ್ರೆ ಮನೆ ಮುಳುಗ್ತದೆ. ನೀರ್ಗೆ ದಾಕ್ಷಿಣ್ಯ ಇಲ್ಲ" ಎಂದರು. ಮನೆಯಲ್ಲಿ ನಾವೇ ಹೊಡೆದ ಗೂಡು ಓರೆಯಾದರೆ ನಕ್ಕು ಸುಮ್ಮನಾಗಬಹುದು; ಸ್ವಂತ ಕೈಯ ದೋಣಿಯಲ್ಲಿ ಮಕ್ಕಳನ್ನು ಕೂರಿಸುವಾಗ ಹಾಗಲ್ಲ. ಎರಡು ಕಡೆಯೂ ತೇಪೆ ಹಾಕಿ ಮತ್ತೊಂದು ಸಲ ಡಾಂಬರು ಬಳಿದೆವು.

ಎಷ್ಟು ಮಂದಿ ಕೂರಬಹುದು? ಹುಡುಗ ಲೆಕ್ಕ ಹಾಕಿದ. 6 ಅಡಿ ಅಗಲದ ದುಂಡು ತಳದ ವಿಸ್ತೀರ್ಣ ಸುಮಾರು 28 ಚದರಡಿ. ಅದು 1 ಅಂಗುಲ ಮುಳುಗಿದರೆ ಪಕ್ಕಕ್ಕೆ ಸರಿಯುವ ನೀರಿನ ತೂಕ ಸುಮಾರು 67 ಕಿಲೋ; ಹೆಚ್ಚು ಕಡಿಮೆ ಒಬ್ಬ ಮನುಷ್ಯನ ತೂಕ. ಅಣ್ಣನವರು ಕಾಗದವನ್ನು ನೋಡಿ, "ಆಳಿಗೊಂದು ಅಂಗುಲ ಅಂತ ಅಪ್ಪ ಹೇಳುತ್ತಿರಲಿಲ್ಲವೇ?" ಎಂದು ನನ್ನನ್ನೇ ಕೇಳಿದರು. ನನಗೆ ಮರೆತೇ ಹೋಗಿತ್ತು. ಅವರಿಗೆ ನೆನಪಿತ್ತು.

ಸಂಕ್ರಾಂತಿಗೆ ನಾಲ್ಕು ದಿನ ಮುಂಚೆ ಹರಿಗೋಲನ್ನು ಹೊಳೆಗೆ ಹೊತ್ತೆವು. ಕಪಿಲೆ ಹುಟ್ಟುವುದು ಕೇರಳದ ವೈನಾಡಿನಲ್ಲಿ. ಅಲ್ಲಿ ಮುಂಗಾರು ಜೋರಾದರೆ, ಇಲ್ಲಿ ಬಿಸಿಲಿದ್ದರೂ ಹೊಳೆ ಉಕ್ಕುತ್ತದೆ. 1974ರಲ್ಲಿ ಮುಗಿದ ಕಬಿನಿ ಅಣೆಕಟ್ಟಿನಿಂದ ನೀರು ಬಿಟ್ಟರೂ ಏರುತ್ತದೆ. ಅದಕ್ಕಾಗಿ ವಿಚಾರಿಸಿಕೊಂಡು, ನೀರು ತಗ್ಗಿದ್ದ ದಿನ, ತೇಲುವ ಜಾಕೀಟು ತೊಟ್ಟು, ದಡದ ಬದಿಯಲ್ಲಿಯೇ ಇಳಿಸಿದೆವು. ಈ ಕೆಲಸಕ್ಕೆ ಕೈಹಾಕುವ ವಾಚಕರು ಬೇರೇನನ್ನು ಮರೆತರೂ ಇದನ್ನು ಮರೆಯಬಾರದು.

ತಾತ ಹುಟ್ಟು ಹಿಡಿದು ಹತ್ತಿದರು: ಒಂದು ಅಂಗುಲ. ಅಣ್ಣನವರು: ಎರಡು. ನಾನು: ಮೂರು. ಕಂಠ ನೀರಿನಿಂದ ಬಹಳ ಮೇಲಿತ್ತು. ಕಾಲಡಿ ಒಂದು ಹನಿಯೂ ಇರಲಿಲ್ಲ.

ಹರಿಗೋಲಿಗೆ ಕೂಕಟ್ಟಿಲ್ಲ, ಅಡಿಗಟ್ಟಿಲ್ಲ. ಹುಟ್ಟು ಹಾಕಿದಂತೆಲ್ಲ ಅದು ಮೆಲ್ಲಗೆ ತಿರುಗುತ್ತದೆ. ಹಾಗಾಗಿ ಯಾರೂ ಒಂದೇ ಕಡೆಗೆ ಮುಖ ಮಾಡಿಕೊಂಡಿರುವಂತಿಲ್ಲ. ನನ್ನ ಎದುರಿಗೆ ನಮ್ಮ ಕೊಟ್ಟಿಗೆಯ ಬಯಲು ಬಂದಿತು, ಬಳಿಕ ಅಣ್ಣನವರ ತೆಂಗಿನ ತೋಟ, ಬಳಿಕ ಎರಡರ ನಡುವಣ ಬಾವಿಯ ಕಟ್ಟೆ, ಬಳಿಕ ಆಚೆಯ ದಡ. ಅಣ್ಣನವರ ಎದುರಿಗೂ ಅವೇ ಬಂದಿರಬೇಕು. ಬಾವಿಯ ಕಟ್ಟೆ ಎರಡನೆಯ ಸಲ ಬಂದಾಗ ಇಬ್ಬರೂ ಏನೂ ಹೇಳಲಿಲ್ಲ. "ಕೈ ಸೋತ್ಹೋಯ್ತು, ಯಾರಾರ ಹುಟ್ಟು ಹಿಡೀರಿ" ಎಂದರು ತಾತ. ಅಣ್ಣನವರು ಹಿಡಿದರು; ಅವರು ದಣಿದಾಗ ನಾನು ಹಿಡಿದೆ.

ಬಾವಿಯ ವ್ಯವಹಾರ ಇನ್ನೂ ತೀರ್ಮಾನವಾಗಿಲ್ಲ. ಹರಿಗೋಲು ಯಾರದೆಂಬುದೂ ಆಗಿಲ್ಲ. ಕೊಟ್ಟಿಗೆ ಕೆಡವಿದ್ದರಿಂದ ಅದು ಅಣ್ಣನವರ ಜಗಲಿಯ ತೊಲೆಗೆ ನೇತಾಡುತ್ತಿದೆ. ಆದರೆ ಡಾಂಬರು ವರ್ಷಕ್ಕೊಮ್ಮೆ ಬಳಿಯಬೇಕು, ಅದು ಒಬ್ಬರಿಂದ ಆಗುವ ಕೆಲಸವಲ್ಲ. ಮೊನ್ನೆ ಅಣ್ಣನವರಿಂದ ಕಾಗದ ಬಂದಿದೆ. ಹುಡುಗನ ಮೂಲಕ ಹೇಳಿಕಳುಹಿಸದೆ ತಾವೇ ಬರೆದಿದ್ದಾರೆ. ಎರಡೇ ಸಾಲು: ತಾತನ ಮೊಮ್ಮಗ ಹೆಣಿಗೆ ಕಲಿಯಲು ಒಪ್ಪಿದ್ದಾನಂತೆ, ಬರುವಾಗ ಮೈಸೂರಿನಿಂದ ಒಂದು ಡಬ್ಬ ಡಾಂಬರು ತರಬೇಕಂತೆ.