ಜೈಲಾದರೂ ಸರಿ, ಅವನ ಮನೆ ಬೇಡ

11 ವರ್ಷದ ಮಗುವನ್ನು ಹಸೆಮಣೆಗೆ ಕೂರಿಸಿ ಅದಕ್ಕೆ ಧರ್ಮ ಅಂತ ಹೆಸರಿಟ್ಟರು. ಮುಂಬಯಿಯ ರಖ್ಮಾಬಾಯಿಯನ್ನು ಅಂದು ಯಾರೂ ಒಂದು ಮಾತು ಕೇಳಲಿಲ್ಲ. ಮದುವೆಯಾದರೂ ಆಕೆ ಬೆಳೆದದ್ದು ತಾಯಿಯ ಬಳಿ. ಮಲತಂದೆ ಡಾಕ್ಟರ್ ಸಖಾರಾಮ್ ಅರ್ಜುನ್ ಅವರ ಮನೆಯಲ್ಲಿ ಪುಸ್ತಕ ಹಿಡಿದಳು, ಬುದ್ಧಿ ಬಲಿಯಿತು. ಆಗ ಬಾಯಿಬಿಟ್ಟು ಹೇಳಿದಳು: ನಾನು ಒಪ್ಪಿ ಆದ ಮದುವೆಯಲ್ಲ, ಹೋಗುವುದಿಲ್ಲ.

ಗಂಡ ದಾದಾಜಿ ಭಿಕಾಜಿ 1884ರಲ್ಲಿ ಕೋರ್ಟಿಗೆ ಹೋದ. ಮರುವರ್ಷ ನ್ಯಾಯಮೂರ್ತಿ ಪಿನ್ಹೇ ಅವನ ದಾವೆಯನ್ನು ತಳ್ಳಿಹಾಕಿದ್ದೇ ತಡ, ಧರ್ಮ ಮುಳುಗಿತೆಂದು ಬೊಬ್ಬೆ ಎದ್ದಿತು. ತಿಲಕರಂಥ ತಿಲಕರೇ ಆಕೆಯ ವಿರುದ್ಧ ನಿಂತರು. ಪರದೇಶಿಯ ಆಳ್ವಿಕೆಗೆ ತಲೆಬಾಗದ ಗಂಡಸರಿಗೆ ಮನೆಯೊಳಗಿನ ಆಳ್ವಿಕೆ ಮಾತ್ರ ಅಲುಗಬಾರದಾಗಿತ್ತು!

ಆದರೆ ಯಾವ ಶಾಸ್ತ್ರದ ಹೆಸರಿನಲ್ಲಿ ಈ ಕೂಗು? ಹೆಂಡತಿಯನ್ನು ಕೋರ್ಟಿನ ಬಲದಿಂದ ಎಳೆತರುವ ಕಾನೂನು ಬಂದದ್ದು ಇಂಗ್ಲೆಂಡಿನ ಚರ್ಚ್ ನ್ಯಾಯಾಲಯಗಳಿಂದ. ಅಲ್ಲಿ ಕೂಡ ಇದಕ್ಕಾಗಿ ಜೈಲಿಗೆ ಹಾಕುವುದನ್ನು 1884ರಲ್ಲೇ ನಿಲ್ಲಿಸಿದ್ದರು. ತಮ್ಮ ಹೆಣ್ಣುಮಕ್ಕಳಿಗೆ ಬೇಡವಾದ ಬೇಡಿಯನ್ನು ನಮ್ಮವಳಿಗೆ ತೊಡಿಸಲು ಬಂದರು. ಮೇಲ್ಮನವಿಯ ನಂತರ, 1887ರಲ್ಲಿ, ನ್ಯಾಯಮೂರ್ತಿ ಫ್ಯಾರನ್ ಆಜ್ಞೆ ಮಾಡಿದರು: ಗಂಡನ ಮನೆ ಸೇರು, ಇಲ್ಲವೇ ಆರು ತಿಂಗಳು ಸೆರೆ. 22ರ ಹುಡುಗಿ ಸೆರೆಯೇ ಆಗಲಿ ಎಂದಳು. ಆ ಧೈರ್ಯವನ್ನು ನಮ್ಮ ಪಠ್ಯಪುಸ್ತಕಗಳು ಎಷ್ಟು ಮಕ್ಕಳಿಗೆ ಹೇಳಿವೆ?

1888ರಲ್ಲಿ 2,000 ರೂಪಾಯಿ ಪಡೆದು ದಾದಾಜಿ ಹಿಂದೆ ಸರಿದ. ರಖ್ಮಾಬಾಯಿ ಲಂಡನ್ನಿಗೆ ಹೋದರು, ಮಹಿಳೆಯರ ವೈದ್ಯಕೀಯ ಶಾಲೆಯಲ್ಲಿ ಓದಿದರು, ಡಾಕ್ಟರಾಗಿ ಮರಳಿ ಸೂರತ್ತಿನಲ್ಲಿ, ಆಮೇಲೆ ರಾಜ್‌ಕೋಟ್‌ನಲ್ಲಿ ಹೆಣ್ಣುಮಕ್ಕಳ ನಾಡಿ ಹಿಡಿದರು. ಯಾರನ್ನು ಕೆಟ್ಟವಳೆಂದರೋ ಅವರ ಕೈಯೇ ಎಷ್ಟೋ ಬಾಣಂತಿಯರನ್ನು ಉಳಿಸಿತು.

ಅವರು ತೀರಿಕೊಂಡದ್ದು 1955ರಲ್ಲಿ. ಅದೇ ವರ್ಷ ಸ್ವತಂತ್ರ ಭಾರತ ಹಿಂದೂ ವಿವಾಹ ಕಾಯ್ದೆ ಮಾಡಿತು, ಅದರ 9ನೇ ಕಲಮಿನಲ್ಲಿ ಅದೇ ಹಳೆಯ ಕಾನೂನನ್ನು ಕೂರಿಸಿತು. 1983ರಲ್ಲಿ ಆಂಧ್ರ ಹೈಕೋರ್ಟ್ ಅದನ್ನು ಅಸಾಂವಿಧಾನಿಕ ಎಂದಿತು. ಮರುವರ್ಷವೇ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಈಗ ಜೈಲಿಲ್ಲ, ಆಸ್ತಿ ಜಪ್ತಿಯುಂಟು. ಗಂಡ ಹೆಂಡತಿ ಇಬ್ಬರೂ ದಾವೆ ಹೂಡಬಹುದಲ್ಲ ಎಂದು ಸಮಾಧಾನ ಹೇಳಬೇಡಿ. ಒಲ್ಲದ ಹಾಸಿಗೆಗೆ ಕೋರ್ಟು ಅಟ್ಟಿದರೆ ಬಸಿರು ಹೊರುವವಳು ಯಾರು? ಹೊಡೆತ ತಾಳದೆ ತವರಿಗೆ ಬಂದವಳ ಕೈಗೆ ಈ ಕಲಮಿನ ನೋಟಿಸು ಬಂದರೆ ಆಕೆ ಯಾರನ್ನು ಕೇಳಬೇಕು? ಕಿತ್ತುಹಾಕಿ ಆ ಕಲಮನ್ನು.