ಪುಸ್ತಕದ ಬಗ್ಗೆ ಮಾತಾಡಲು ಯಾರ ಅಪ್ಪಣೆ ಬೇಕು?

ನಮ್ಮ ಸೋಂದಾ ಸೀಮೆಯಲ್ಲಿ ತಾಳಮದ್ದಲೆ ಮುಗಿದ ಮೇಲೆ ಹತ್ತು ನಿಮಿಷ ಅಂಗಳದಲ್ಲೇ ನಿಲ್ಲಿ. ಕವಳ ಹಾಕುತ್ತಾ, ಬೈಕಿನ ಕೀಲಿ ಹುಡುಕುತ್ತಾ ಜನ ಏನು ಹೇಳುತ್ತಾರೆ ಕೇಳಿ. "ವಾಲಿ ಚೊಲೊ ಆತು. ರಾಮಂಗೆ ಉತ್ತರ ಕೊಡಲೇ ಆಜಿಲ್ಲೆ." "ಕೃಷ್ಣ ಹೇಳಿದ್ದೇ ಹೇಳಿದ, ಯಂಗೆ ನಿದ್ದೆ ಬಂದೋತು." ಹಿರಿಯರೊಬ್ಬರು ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ನೆನೆದು, ಇವತ್ತಿನದನ್ನು ಒಂದೇ ಮಾತಲ್ಲಿ ತಳ್ಳಿಹಾಕುತ್ತಾರೆ. ಆಟ ನೋಡಿ ಬಂದವರೂ ಹೀಗೆಯೇ. ಚಿಟ್ಟಾಣಿಯವರು ಹೆಚ್ಚೋ, ಕೆರೆಮನೆ ಶಂಭು ಹೆಗಡೆಯವರು ಹೆಚ್ಚೋ ಎಂಬ ಜಗಳ ಅವರಿಬ್ಬರೂ ಹೋದ ಮೇಲೂ ನಮ್ಮ ಜಗುಲಿಗಳಲ್ಲಿ ಮುಗಿದಿಲ್ಲ.

ಈ ಮಾತಾಡುವವರಲ್ಲಿ ಅಲಂಕಾರಶಾಸ್ತ್ರ ಓದಿದವರು ಯಾರೂ ಇಲ್ಲ. ಕೇಳಿದ್ದಾರೆ, ನೋಡಿದ್ದಾರೆ, ಅನಿಸಿದ್ದನ್ನು ಹೇಳುತ್ತಾರೆ, ಅಷ್ಟೆ. "ನಿನಗೆ ಏನು ಅಧಿಕಾರ?" ಎಂದು ಅವರನ್ನು ಯಾರೂ ಕೇಳುವುದಿಲ್ಲ.

ಈಗ ಅದೇ ಜನರನ್ನು "ಈಚೆಗೆ ಯಾವ ಪುಸ್ತಕ ಓದಿದಿರಿ? ಹೇಗಿತ್ತು?" ಎಂದು ಕೇಳಿ. ದನಿ ಇಳಿಯುತ್ತದೆ. "ಅದೆಲ್ಲ ಯಂಗೆ ತಿಳೀತಿಲ್ಲೆ, ಓದಿದವ್ವು ಹೇಳವು" ಎಂಬ ಉತ್ತರ ಬರುತ್ತದೆ. ಓದಿಲ್ಲ ಎಂದಲ್ಲ. ಹೀಗೆ ಹೇಳಿದ ಒಬ್ಬರ ಮನೆಯ ನಾಗಂದಿಗೆಯ ಮೇಲೆ ಬೆನ್ನು ಹರಿದ 'ಪರ್ವ' ಇತ್ತು. ಇನ್ನೊಬ್ಬ ಅತ್ತೆ ವಾರಪತ್ರಿಕೆಯ ಧಾರಾವಾಹಿ ಪುಟಗಳನ್ನು ಕತ್ತರಿಸಿ, ಗೋಣಿ ಹೊಲಿಯುವ ದಬ್ಬಣದಲ್ಲಿ ಹೊಲಿದು ಇಟ್ಟುಕೊಂಡಿದ್ದರು. ಅವರು ಓದುಗರಲ್ಲದಿದ್ದರೆ ಮತ್ಯಾರು ಓದುಗರು?

ನಮ್ಮ ತಕರಾರು ಇಷ್ಟೇ. ಖುಷಿಗೆ ಓದಿದ ಪುಸ್ತಕದ ಬಗ್ಗೆ, ಅನಿಸಿದ್ದನ್ನು ಅನಿಸಿದ ಹಾಗೆ ಹೇಳುವ ಹಕ್ಕನ್ನು ಹಳ್ಳಿಯ ಓದುಗ ತಾನಾಗಿ ಬಿಟ್ಟುಕೊಟ್ಟಿದ್ದಾನೆ. ಅದನ್ನು ವಾಪಸು ತೆಗೆದುಕೊಳ್ಳಬೇಕು. ಅದು ಕೈಬಿಟ್ಟ ಜಾಗದಲ್ಲಿ ಏನು ಬಂದು ಕುಳಿತಿದೆ ಎಂದು ನೋಡಿದರೆ ನಿಮಗೂ ಸಿಟ್ಟು ಬಂದೀತು.

2025ರ ಸೆಪ್ಟೆಂಬರ್ ನೆನಪಿಸಿಕೊಳ್ಳಿ. ಆ ವರ್ಷ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ಕಥೆಗಳಿಗೆ, ದೀಪಾ ಭಾಸ್ತಿಯವರ ಇಂಗ್ಲಿಷ್ ಅನುವಾದದ ಮೂಲಕ ಅಂತಾರಾಷ್ಟ್ರೀಯ ಬುಕರ್ ಪ್ರಶಸ್ತಿ ಬಂದಿತ್ತು. ಸೆಪ್ಟೆಂಬರ್ 22ರಂದು ಅವರು ಮೈಸೂರು ದಸರಾ ಉದ್ಘಾಟಿಸಿದರು. ಅವರು ಉದ್ಘಾಟಿಸಬಹುದೇ, ಬಾರದೇ ಎಂಬ ಗಲಾಟೆ ನ್ಯಾಯಾಲಯದವರೆಗೂ ಹೋಯಿತು. ಎರಡು ದಿನ ಕಳೆದು, 24ರಂದು ಎಸ್.ಎಲ್. ಭೈರಪ್ಪ ತೀರಿಕೊಂಡರು. ಆ ವಾರ ನಮ್ಮೂರಿನ ಯಾವ ವಾಟ್ಸಾಪ್ ಗುಂಪು ತೆರೆದರೂ ಇಬ್ಬರು ಸಾಹಿತಿಗಳದ್ದೇ ಸುದ್ದಿ. ಒಬ್ಬರು ಯಾವ ಧರ್ಮ, ಇನ್ನೊಬ್ಬರು ಯಾವ ಪಕ್ಷದ ಕಡೆ, ಯಾರಿಗೆ ಎಷ್ಟು ಮರ್ಯಾದೆ ಸಿಗಬೇಕಿತ್ತು, ಯಾರು ತಪ್ಪಿಸಿದರು ಎಂಬ ಉದ್ದುದ್ದ ಸಂದೇಶಗಳು.

ನಾವು ಒಂದು ಕೆಲಸ ಮಾಡಿದೆವು. ಸಂದೇಶ ಕಳಿಸಿದ ಕೆಲವರಿಗೆ ಫೋನ್ ಮಾಡಿ, "ಬಾನು ಅವರ ಯಾವ ಕಥೆ ಓದಿದ್ದೀರಿ?" ಎಂದು ಕೇಳಿದೆವು. ಹೊಗಳಿದವರೂ ಓದಿರಲಿಲ್ಲ, ಬೈದವರೂ ಓದಿರಲಿಲ್ಲ. "ಎದೆಯ ಹಣತೆ" ಎಂಬ ಕಥೆ ಇದೆ ಎಂಬುದೇ ಹೆಚ್ಚಿನವರಿಗೆ ಗೊತ್ತಿರಲಿಲ್ಲ. ಭೈರಪ್ಪನವರ ವಿಷಯ ಸ್ವಲ್ಪ ಬೇರೆ. ಅವರನ್ನು ನಮ್ಮ ಕಡೆಯವರು ನಿಜಕ್ಕೂ ಓದಿದ್ದಾರೆ. ಆದರೆ ಓದಿದವರು ಸುಮ್ಮನಿದ್ದರು, ಓದದವರು ಮಾತಾಡುತ್ತಿದ್ದರು. 'ಗೃಹಭಂಗ'ದ ನಂಜಮ್ಮನ ಬಗ್ಗೆ ಆ ವಾರ ನಮಗೆ ಸಿಕ್ಕಿದ್ದು ಒಂದೇ ಒಂದು ಮಾತು. ಅದೂ ಗುಂಪಿನಲ್ಲಿ ಅಲ್ಲ, ಒಬ್ಬ ದೊಡ್ಡಮ್ಮ ಅಡುಗೆಮನೆಯಲ್ಲಿ ಹೇಳಿದ್ದು: "ಗಂಡ ಮಾಡಬೇಕಾದ ಶ್ಯಾನುಭೋಗಿಕೆ ಲೆಕ್ಕ ಎಲ್ಲಾ ಅವಳೇ ಬರೀತು. ಹೆಸರು ಮಾತ್ರ ಗಂಡಂದು. ನಮ್ಮನೆಲೂ ಹಾಂಗೇ ಇತ್ತು." ಆ ವಾರ ಬಂದ ಎಲ್ಲ ಸಂದೇಶಗಳಿಗಿಂತ ಈ ಮಾತು ಹೆಚ್ಚು ತೂಕದ್ದು ಎಂದು ನಾವು ಹೇಳುತ್ತೇವೆ.

ಪುಸ್ತಕದ ಬಗ್ಗೆ ಮಾತು ನಿಂತ ಕಡೆ ಬರೆದವರ ಜಾತಿ, ಧರ್ಮ, ಪಕ್ಷದ ಮಾತು ಶುರುವಾಗುತ್ತದೆ. ಅದಕ್ಕೆ ಓದುವ ಕಷ್ಟವಿಲ್ಲ. ಹೆಬ್ಬೆರಳು ಸಾಕು.

ತಪ್ಪು ನಮ್ಮದೂ ಇದೆ. ನಾವು ಪತ್ರಿಕೋದ್ಯಮ ಓದಿ ಬಂದವರು. ಪುಸ್ತಕ ಬಿಡುಗಡೆ ಸಮಾರಂಭಕ್ಕೆ ಹೋಗಿ, ಪುಟ ತಿರುವದೆ "ಅರ್ಥಪೂರ್ಣ ಕೃತಿ", "ಸಂಗ್ರಹಯೋಗ್ಯ", "ಎಲ್ಲರೂ ಓದಲೇಬೇಕಾದ ಹೊತ್ತಗೆ" ಎಂದು ವರದಿ ಬರೆದಿದ್ದೇವೆ. ವೇದಿಕೆಯ ಮೇಲಿದ್ದ ಐದು ಜನರೂ ಹೊಗಳಿದರು, ನಾವು ಹೊಗಳಿಕೆಯನ್ನು ಬರೆದುಕೊಂಡೆವು, ಶಾಲು ಹಾಕಿದ್ದರ ಫೋಟೊ ತೆಗೆದೆವು. ಆ ಪುಸ್ತಕವನ್ನು ಯಾರಾದರೂ ಓದಿದರೋ, ನಗು ಬಂತೋ, ಬೇಸರ ಬಂತೋ ಎಂದು ತಿರುಗಿ ಹೋಗಿ ಕೇಳಲಿಲ್ಲ. ಊಟ ಹೇಗಿತ್ತು ಎಂದು ಅಡುಗೆ ಭಟ್ಟರನ್ನೇ ಕೇಳಿ ಬರೆದ ಹಾಗೆ ಆಯಿತು. ಉಂಡವರನ್ನಲ್ಲವೇ ಕೇಳಬೇಕಿದ್ದದ್ದು?

ಇದಕ್ಕೆ ಎದುರು ವಾದ ಇದೆ. ಸಾಹಿತ್ಯ ವಿಮರ್ಶೆ ಒಂದು ಶಿಸ್ತು, ಅದಕ್ಕೆ ಓದು, ತಯಾರಿ ಬೇಕು, ಬಾಯಿಗೆ ಬಂದದ್ದನ್ನು ಹೇಳಿದರೆ ಲೇಖಕರಿಗೆ ಅನ್ಯಾಯ ಎಂದು. ಮೊದಲ ಭಾಗವನ್ನು ಒಪ್ಪುತ್ತೇವೆ. ಕೀರ್ತಿನಾಥ ಕುರ್ತಕೋಟಿಯವರು ಮಾಡಿದ ಕೆಲಸವನ್ನು ಜಗುಲಿಯಲ್ಲಿ ಕೂತು ಮಾಡುತ್ತೇವೆ ಎಂದು ನಾವು ಹೇಳುತ್ತಿಲ್ಲ. ಆದರೆ ವಿಮರ್ಶಕರು ಇದ್ದಾರೆ ಎಂದು ಓದುಗರು ಬಾಯಿ ಮುಚ್ಚಬೇಕೇ? ಭೂಮಾಪಕರು ಇದ್ದಾರೆ ಎಂದು ನಮ್ಮ ತೋಟದ ಬೇಲಿ ಎಲ್ಲಿದೆ ಎಂದು ನಾವು ಹೇಳಬಾರದೇ?

ಕೃಷಿಯಲ್ಲೂ ಒಂದು ಕಾಲಕ್ಕೆ ಹೀಗೇ ಇತ್ತು. ಬರೆಯುವವರು ತಜ್ಞರು, ಓದುವವರು ರೈತರು. 1988ರಲ್ಲಿ ಪುತ್ತೂರಿನಿಂದ 'ಅಡಿಕೆ ಪತ್ರಿಕೆ' ಶುರುವಾಯಿತು. ಶ್ರೀಪಡ್ರೆಯವರು ಮತ್ತು ಅವರ ಜೊತೆಗಾರರು ಬೆಳೆಗಾರನ ಕೈಗೇ ಪೆನ್ನು ಕೊಟ್ಟರು. ನಿಮ್ಮ ತೋಟದಲ್ಲಿ ಏನು ಮಾಡಿದಿರಿ, ಏನಾಯಿತು, ಅಷ್ಟು ಬರೆಯಿರಿ ಎಂದರು. ನಮ್ಮ ಸಿರಸಿ ಕಡೆಯ ಎಷ್ಟೋ ಮನೆಗಳಲ್ಲಿ ಅದರ ಹಳೆಯ ಸಂಚಿಕೆಗಳು ಇನ್ನೂ ಇವೆ. ತೋಟದ ಬಗ್ಗೆ ಬರೆಯಬಲ್ಲ ಕೈಗೆ ಓದಿದ ಕಾದಂಬರಿಯ ಬಗ್ಗೆ ಮೂರು ಸಾಲು ಬರೆಯಲು ಆಗುವುದಿಲ್ಲವೇ?

ಊರಿನ ಚರಿತ್ರೆಯನ್ನೇ ನೋಡಿ. 1604ರಲ್ಲಿ ಭಟ್ಟಾಕಳಂಕದೇವ 'ಕರ್ನಾಟಕ ಶಬ್ದಾನುಶಾಸನ' ಬರೆದ. ಸೂತ್ರಗಳೇನೋ ಸಂಸ್ಕೃತದವು, ಆದರೆ ಕನ್ನಡ ಶಾಸ್ತ್ರಕ್ಕೆ ಒಗ್ಗದ ಭಾಷೆ ಎನ್ನುವವರಿಗೆ ಅದರಲ್ಲಿ ಉತ್ತರ ಕೊಟ್ಟ. ಸೋಂದಾದ ಸ್ವಾದಿ ಜೈನ ಮಠದ ಭಟ್ಟಾರಕರು ಇಂದಿಗೂ ಆ ಹೆಸರನ್ನೇ ಧರಿಸುತ್ತಾರೆ. ಇದೇ ಊರಲ್ಲಿ ವೃಂದಾವನಸ್ಥರಾದ ವಾದಿರಾಜರು, ಸಂಸ್ಕೃತದಲ್ಲಿ ದೊಡ್ಡ ದೊಡ್ಡ ಗ್ರಂಥ ಬರೆದವರು, ಹೆಂಗಸರ ಬಾಯಲ್ಲಿ ಉಳಿಯಲಿ ಎಂಬಂತೆ 'ಲಕ್ಷ್ಮೀ ಶೋಭಾನೆ'ಯನ್ನು ಕನ್ನಡದಲ್ಲಿ ಬರೆದರು. ಅದು ಇವತ್ತೂ ಮದುವೆ ಮನೆಯಲ್ಲಿ ಉಳಿದಿದೆ. ಕನ್ನಡ ಯೋಗ್ಯವೇ ಎಂಬ ಪ್ರಶ್ನೆಗೆ ನಾಲ್ಕು ಶತಮಾನದ ಹಿಂದೆಯೇ ಉತ್ತರ ಸಿಕ್ಕಿತು. ನನ್ನ ಕನ್ನಡದ ಅನಿಸಿಕೆ ಯೋಗ್ಯವೇ ಎಂದು ನಾವು ಇನ್ನೂ ಅಳುಕುತ್ತಾ ಕೂತಿದ್ದೇವೆ.

ಇನ್ನು ಖುಷಿಯ ಓದಿನ ಮಾತು. ಪತ್ತೇದಾರಿ ಓದಿದರೆ ಹಗುರ, ತ್ರಿವೇಣಿಯನ್ನು ಓದಿದರೆ ಹೆಂಗಸರ ಓದು, ದಪ್ಪ ಪುಸ್ತಕ ಓದಿದರೆ ಮಾತ್ರ ಓದು ಎಂದು ಒಂದು ತಕ್ಕಡಿ ಇಟ್ಟಿದ್ದೇವೆ. ಆ ತಕ್ಕಡಿಯ ಭಯಕ್ಕೇ ಜನ ಓದಿದ್ದನ್ನು ಬಚ್ಚಿಡುತ್ತಾರೆ. ಒಂದು ಕಾಲಕ್ಕೆ ಗಳಗನಾಥರು ತಮ್ಮ ಕಾದಂಬರಿಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಕೊಂಡವರು ಪಂಡಿತರಲ್ಲ. ಮುಂದೇನಾಯಿತು ಎಂದು ತಿಳಿಯುವ ಕುತೂಹಲದವರು. ಕನ್ನಡದ ಓದುಗ ಹುಟ್ಟಿದ್ದೇ ಆ ಕುತೂಹಲದಿಂದ.

ಈ ಮೌನದಿಂದ ನಷ್ಟ ಆಗುತ್ತಿರುವುದು ನಮ್ಮ ದುಡ್ಡಿಗೂ ಹೌದು. 1965ರ ಗ್ರಂಥಾಲಯ ಕಾಯ್ದೆಯ ಪ್ರಕಾರ ನಾವು ಕಟ್ಟುವ ಮನೆ ತೆರಿಗೆಯ ಮೇಲೆ ಶೇ. 6ರಷ್ಟು ಗ್ರಂಥಾಲಯ ಕರ ಸೇರಿರುತ್ತದೆ. ನಿಮ್ಮ ರಸೀದಿ ತೆಗೆದು ನೋಡಿ. 2019ರಲ್ಲಿ ಹಳ್ಳಿಯ ಗ್ರಂಥಾಲಯಗಳು ಪಂಚಾಯತ್ ರಾಜ್ ಇಲಾಖೆಗೆ ಬಂದವು, ಈಗ 'ಅರಿವು ಕೇಂದ್ರ' ಎಂಬ ಬೋರ್ಡು ಇದೆ. ಪುಸ್ತಕ ಯಾವುದು ಬರಬೇಕು ಎಂದು ಮೇಲೆ ಕೂತವರು ತೀರ್ಮಾನಿಸುತ್ತಾರೆ, ಕಟ್ಟು ಕಟ್ಟು ಬಂದು ಬೀಳುತ್ತದೆ. ನಮ್ಮಲ್ಲೊಬ್ಬರು ಒಂದು ಊರಿನ ಗ್ರಂಥಾಲಯದಲ್ಲಿ ಪುಸ್ತಕದ ಪುಟಗಳು ಇನ್ನೂ ಒಂದಕ್ಕೊಂದು ಅಂಟಿಕೊಂಡೇ ಇದ್ದುದನ್ನು ಕಂಡರು. ಯಾರೂ ತೆರೆದಿರಲಿಲ್ಲ. ಪಕ್ಕದಲ್ಲೇ ಇದ್ದ 'ಕರ್ವಾಲೊ'ಗೆ ರಟ್ಟೇ ಇರಲಿಲ್ಲ, ಕೊನೆಯ ಎರಡು ಹಾಳೆಯೂ ಇರಲಿಲ್ಲ. ಹಾರುವ ಓತಿ ಸಿಕ್ಕಿತೋ ಇಲ್ಲವೋ ತಿಳಿಯದೆ ಎಷ್ಟು ಹುಡುಗರು ಮನೆಗೆ ಹೋದರೋ! 'ಕರ್ವಾಲೊ' ಇನ್ನೆರಡು ಪ್ರತಿ ಬೇಕು, ಈ ಕಟ್ಟು ಬೇಡ ಎಂದು ಹೇಳುವವರು ಯಾರು? ಓದುಗರು ಹೇಳದಿದ್ದರೆ ಗೋಡೆ ಹೇಳುವುದಿಲ್ಲ.

ಅದಕ್ಕೆ ನಮ್ಮ ಸಲಹೆ ಬಹಳ ಸಣ್ಣದು. ನಿಮ್ಮ ಗ್ರಂಥಾಲಯದಲ್ಲಿ ಒಂದು ನೂರು ಪುಟದ ನೋಟುಬುಕ್ಕು, ದಾರದಲ್ಲಿ ಕಟ್ಟಿದ ಒಂದು ಪೆನ್ನು ಇಡಿಸಿ. ಓದಿದವರು ಮೂರು ಸಾಲು ಬರೆಯಲಿ. ಎಷ್ಟು ಪುಟ ಓದಿದೆ. ಎಲ್ಲಿ ಖುಷಿ ಆಯಿತು, ಎಲ್ಲಿ ಬೇಜಾರಾಯಿತು. ಮತ್ಯಾರಿಗೆ ಕೊಡಬಹುದು. ಮೂವತ್ತನೇ ಪುಟಕ್ಕೆ ಬಿಟ್ಟಿದ್ದರೆ ಹಾಗೆಯೇ ಬರೆಯಿರಿ, ಅವಮಾನವಿಲ್ಲ. ಓದದೆ ಬರೆಯಬೇಡಿ. ಲೇಖಕರ ಜಾತಿ, ಪಕ್ಷ ಬರೆಯಬೇಡಿ. ವರ್ಷಕ್ಕೊಮ್ಮೆ ಆ ಪುಸ್ತಕವನ್ನು ಗ್ರಾಮಸಭೆಗೆ ಒಯ್ದು, ನಮಗೆ ಬೇಕಾದ ಪುಸ್ತಕಗಳ ಪಟ್ಟಿ ಇದು ಎಂದು ಓದಿ ಹೇಳಿ. ಕುಡಿಯುವ ನೀರು, ರಸ್ತೆಯ ಜೊತೆ ಅದೂ ನಡಾವಳಿಯಲ್ಲಿ ಬರಲಿ.

ಹೇಳುವವರು ಮೊದಲು ಮಾಡಿ ತೋರಿಸಬೇಕು. ನಮ್ಮ ಈ ಮಳೆಗಾಲದ ಓದು ಇಲ್ಲಿದೆ.

'ಮಲೆಗಳಲ್ಲಿ ಮದುಮಗಳು': ಎರಡು ಸಲ ಬಿಟ್ಟು, ಮೂರನೇ ಸಲ ಮುಗಿಸಿದೆವು. ಯಾರು ಯಾವ ಮನೆಯವರು ಎಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಬೇಕಾಯಿತು. ಕೊನೆಯಲ್ಲಿ ಗುತ್ತಿಯ ನಾಯಿ ಹುಲಿಯ ಹೊಳೆಪಾಲಾಗುವುದನ್ನು ಓದಿ, ನಾಯಿ ಸಾಕಿದವರೊಬ್ಬರು ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ಮಳೆಗಾಲದಲ್ಲಿ ಕರೆಂಟು ಇಲ್ಲದವರಿಗೆ ಕೊಡಿ.

'ಘಾಚರ್ ಘೋಚರ್': ಅಂಕೋಲೆ ಕಡೆಯ ವಿವೇಕ ಶಾನಭಾಗರದ್ದು. ಒಂದೇ ಕೂತಿನಲ್ಲಿ ಮುಗಿಯಿತು. ಇರುವೆ ಕೊಲ್ಲುವ ಪುಟಗಳಾದ ಮೇಲೆ ಸಕ್ಕರೆ ಡಬ್ಬ ತೆಗೆಯಲು ಮನಸ್ಸಾಗಲಿಲ್ಲ. ಕೊನೆಗೆ ಏನಾಯಿತು ಎಂಬುದರ ಬಗ್ಗೆ ನಮ್ಮಲ್ಲೇ ಎರಡು ಪಕ್ಷ. ಹೊಸದಾಗಿ ದುಡ್ಡು ಬಂದ ಮನೆಯವರಿಗೆ ಕೊಡಿ.

'ಫಣಿಯಮ್ಮ': ಎಂ.ಕೆ. ಇಂದಿರಾ ಅವರದ್ದು. ನಮಗೆ ಮಧ್ಯೆ ಮಧ್ಯೆ ಎಳೆದ ಹಾಗೆ ಅನಿಸಿತು. ಅಜ್ಜಿಗೆ ಓದಿ ಹೇಳಿದೆವು. ಅಜ್ಜಿ, "ಎಳದ್ದಿಲ್ಲೆ, ಅವಳ ದಿನ ಹಾಂಗೇ ಎಳೀತಿತ್ತು" ಎಂದರು. ನಮ್ಮ ಅಭಿಪ್ರಾಯ ಹಿಂದಕ್ಕೆ ತೆಗೆದುಕೊಂಡಿದ್ದೇವೆ.

ಇಷ್ಟು ಬರೆಯಲು ನಮಗೆ ಯಾರ ಅಪ್ಪಣೆಯೂ ಬೇಕಾಗಲಿಲ್ಲ. ನೋಟುಬುಕ್ಕಿನ ಮುಂದಿನ ಪುಟ ಖಾಲಿ ಇದೆ. ನೀವು ಏನು ಓದಿದಿರಿ?